ಸೇಡಂ ಕಡೆಯ ನಮ್ಮೂರ ಅಗಸಿ ಬಳಿಯ ವೀರಗಲ್ಲಿಗೆ ಬಣ್ಣ ಬಳಿದು ಸಿಮೆಂಟ್ ಕಟ್ಟೆ ಕಟ್ಟಬಹುದೇ?

ದಯವಿಟ್ಟು ಬೇಡ. ಅದು ಕಾಳಗದಲ್ಲಿ ಮಡಿದವರ ಸ್ಮಾರಕ. ಎಷ್ಟೋ ಸಲ ಅವರ ನೆನಪು ಉಳಿದಿರುವುದು ಆ ಕಲ್ಲಿನಲ್ಲಿ ಮಾತ್ರ. ಕೆಳಗಿನಿಂದ ಮೇಲಕ್ಕೆ ಓದಿ: ಕೆಳಪಟ್ಟಿಕೆಯಲ್ಲಿ ಹೋರಾಟ (ದನಗಳಿದ್ದರೆ ತುರುಗಾಳಗ, ಅಂದರೆ ದನಗಳಿಗಾಗಿ ನಡೆದ ಕಾಳಗ), ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಹೆಚ್ಚಾಗಿ ಶಿವಲಿಂಗ, ಸೂರ್ಯ-ಚಂದ್ರ. ಬರಹವಿದ್ದರೆ ಸಾಮಾನ್ಯವಾಗಿ ಪಟ್ಟಿಕೆಗಳ ನಡುವಿನ ಅಂಚಿನಲ್ಲಿರುತ್ತದೆ. ಆಯಿಲ್ ಪೇಂಟ್ ಬಳಿದರೆ ಆ ಸಣ್ಣ ಗೀರುಗಳೇ ಮೊದಲು ಮುಚ್ಚಿಹೋಗುತ್ತವೆ.

ಸಿಮೆಂಟ್ ಇನ್ನೂ ಕೆಟ್ಟದ್ದು: ಬುಡದ ತೇವ ಹೊರಹೋಗಲು ದಾರಿಯಿಲ್ಲದೆ ಕಲ್ಲಿನೊಳಗೆ ಏರುತ್ತದೆ, ಒಣಗುವಾಗ ಉಪ್ಪು ಹರಳುಗಟ್ಟಿ ಕೆತ್ತನೆ ಚಕ್ಕೆ ಏಳುತ್ತದೆ. ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಬಿಸಿಲು ಓರೆಯಾಗಿ ಬೀಳುವಾಗ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು, ರಾಜ್ಯ ಪುರಾತತ್ವ ಇಲಾಖೆಗೆ ಲಿಖಿತವಾಗಿ ತಿಳಿಸಿ. ಕಲ್ಲನ್ನು ಮಾತ್ರ ಇದ್ದಲ್ಲಿಂದ ಅಲ್ಲಾಡಿಸಬೇಡಿ.