ಜ್ವಾಲೆ ಮೊಳಗುವುದನ್ನು ಮೊದಲೇ ಹೇಳಬಹುದೇ?

ಪ್ರಶ್ನೆ: ಗ್ಯಾಸ್ ಟರ್ಬೈನಿನ ದಹನಕೋಶದಲ್ಲಿ ಉರಿ ಮತ್ತು ಶಬ್ದ ಒಂದನ್ನೊಂದು ಬೆಳೆಸಿ, ಲೋಹವೇ ಬಿರುಕು ಬಿಡುವಂತಹ ಕಂಪನ ಹುಟ್ಟುತ್ತದೆ ಎಂದು ತರಗತಿಯಲ್ಲಿ ಕೇಳಿದೆ. ಕೋಶದ ಅಳತೆ, ಉಷ್ಣತೆ, ಇಂಧನ ಎಲ್ಲವೂ ಗೊತ್ತಿರುವಾಗ ಇದನ್ನು ವಿನ್ಯಾಸದ ಹಂತದಲ್ಲೇ ಲೆಕ್ಕ ಹಾಕುವುದು ಏಕೆ ಕಷ್ಟ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳಿವೆ. ಕೋಶವು ಯಾವ ಶ್ರುತಿಯಲ್ಲಿ ಮೊಳಗೀತು ಎಂಬುದು ಒಂದು. ಮೊಳಗುತ್ತದೆಯೋ ಇಲ್ಲವೋ ಎಂಬುದು ಇನ್ನೊಂದು. ಕೊಳಲಿನ ಉದ್ದವನ್ನು ಅಳೆದು ಸ್ವರವನ್ನು ಹೇಳಬಹುದು, ಆದರೆ ಅದು ನುಡಿಯುವುದು ಊದುವವರ ಉಸಿರನ್ನು ಅವಲಂಬಿಸಿದೆ. ಇಲ್ಲಿ ಊದುವುದು ಜ್ವಾಲೆ.

ಶ್ರುತಿಯ ಲೆಕ್ಕ ಹೆಚ್ಚು ಕಾಡುವುದಿಲ್ಲ. ಸುಮಾರು 1800 ಕೆಲ್ವಿನ್ ಉಷ್ಣತೆಯ ದಹನಾನಿಲದಲ್ಲಿ ಶಬ್ದವು ಸೆಕೆಂಡಿಗೆ 830 ಮೀಟರ್‌ನಷ್ಟು ಸಾಗುವುದರಿಂದ, ಒಂದು ತುದಿ ಮುಚ್ಚಿ ಇನ್ನೊಂದು ತೆರೆದಿರುವ ಒಂದು ಮೀಟರ್ ಉದ್ದದ ಕೊಳವೆಯ ಮೂಲಸ್ವರ 200 ಹರ್ಟ್ಸ್ ಆಸುಪಾಸಿನಲ್ಲಿ ಬರುತ್ತದೆ. ನಿಜವಾದ ಕೋಶದ ತುದಿಗಳು ಇಷ್ಟು ಸರಳವಲ್ಲ. ಆದರೂ ಈ ಬಗೆಯ ಗಣಿತ ಆವರ್ತನವನ್ನು ಸಾಕಷ್ಟು ಹತ್ತಿರದಿಂದ ಹಿಡಿಯುತ್ತದೆ.

ತೊಡಕಿರುವುದು ಜ್ವಾಲೆಯಲ್ಲಿ. ಒತ್ತಡ ಏರಿರುವ ಕ್ಷಣದಲ್ಲೇ ಹೆಚ್ಚು ಶಾಖ ಬಿಡುಗಡೆಯಾದರೆ ಕಂಪನಕ್ಕೆ ಬಲ ಸಿಗುತ್ತದೆ, ಒತ್ತಡ ಇಳಿದಿರುವಾಗ ಬಿಡುಗಡೆಯಾದರೆ ಅದು ಕುಗ್ಗುತ್ತದೆ ಎಂದು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರ‍್ಯಾಲೇ 1878ರಲ್ಲೇ ವಿವರಿಸಿದ್ದರು. ಈಗ ಬರ್ನರಿನ ಬಾಯಿಯ ಹತ್ತಿರ ಒತ್ತಡ ಅಲುಗಿತು ಎನ್ನಿ. ಅಲ್ಲಿ ಗಾಳಿ–ಇಂಧನದ ಪ್ರಮಾಣ ಕೊಂಚ ವ್ಯತ್ಯಾಸವಾಗುತ್ತದೆ, ಆ ವ್ಯತ್ಯಾಸವು ಹರಿವಿನೊಡನೆ ಸಾಗಿ ಜ್ವಾಲೆಯನ್ನು ಮುಟ್ಟಲು ಸಮಯ ಹಿಡಿಯುತ್ತದೆ. ದೂರ 10 ಸೆಂಟಿಮೀಟರ್, ಹರಿವಿನ ವೇಗ ಸೆಕೆಂಡಿಗೆ 40 ಮೀಟರ್ ಆದರೆ ಆ ವಿಳಂಬ 2.5 ಮಿಲಿಸೆಕೆಂಡ್, 200 ಹರ್ಟ್ಸ್ ಕಂಪನದ ಒಂದು ಸುತ್ತಿಗೆ ಬೇಕಾಗುವುದು 5 ಮಿಲಿಸೆಕೆಂಡ್. ನಮ್ಮ ಅಂದಾಜು ಒಂದೇ ಒಂದು ಮಿಲಿಸೆಕೆಂಡ್ ತಪ್ಪಿದರೂ ತಾಳ ಸುತ್ತಿನ ಐದನೇ ಒಂದು ಭಾಗ, ಅಂದರೆ 72 ಡಿಗ್ರಿ ಜಾರಿ, ಶಮನವೆಂದು ಬರೆದುಕೊಂಡದ್ದು ಪ್ರಚೋದನೆಯಾಗಿ ಬಿಡಬಹುದು. ಜ್ವಾಲೆಯೋ ಒಂದು ಬಿಂದುವಲ್ಲ, ಸುಳಿಸುತ್ತುವ ಹರಿವಿನಲ್ಲಿ ಹರಡಿಕೊಂಡಿರುವ ಮೇಲ್ಮೈ. ಅದರ ಒಂದೊಂದು ಭಾಗದ ವಿಳಂಬವೂ ಬೇರೆ.

ಇದರ ಮೇಲೆ, ಕಂಪನ ಬೆಳೆಯುವ ದರವೆಂದರೆ ಜ್ವಾಲೆ ಕೊಡುವ ಶಕ್ತಿಗೂ ಗೋಡೆ, ರಂಧ್ರ, ಹೊರದಾರಿಗಳು ನುಂಗುವ ಶಕ್ತಿಗೂ ಇರುವ ಅಂತರ. ದೊಡ್ಡ ವಹಿವಾಟಿನ ಅಂಗಡಿಯ ಸಣ್ಣ ಲಾಭದಂತೆ, ಆದಾಯ ಅಥವಾ ವೆಚ್ಚದ ಎಣಿಕೆ ಸ್ವಲ್ಪ ಏರುಪೇರಾದರೆ ಉಳಿಕೆಯ ಚಿಹ್ನೆಯೇ ಬದಲಾಗುತ್ತದೆ.

ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸಲು ಬಂದ, ಹೆಚ್ಚು ಗಾಳಿಯನ್ನು ಮೊದಲೇ ಬೆರೆಸಿ ಉರಿಸುವ ವಿಧಾನ ಈ ಕಷ್ಟವನ್ನು ಹೆಚ್ಚಿಸಿತು. ತೆಳು ಮಿಶ್ರಣದ ಜ್ವಾಲೆ ಪ್ರಮಾಣದ ಅಲ್ಪ ಬದಲಾವಣೆಗೂ ಬಲವಾಗಿ ಸ್ಪಂದಿಸುತ್ತದೆ. ಹಳೆಯ ಕೋಶಗಳಲ್ಲಿ ಶಬ್ದವನ್ನು ಹೀರುತ್ತಿದ್ದ ತಂಪುಗಾಳಿಯ ರಂಧ್ರಗಳೂ ಬಹುಮಟ್ಟಿಗೆ ಹೋದವು.

ಹಾಗಾಗಿ ವಿನ್ಯಾಸಕಾರರು ಬೇರೆಬೇರೆ ಆವರ್ತನಗಳಲ್ಲಿ ಹರಿವನ್ನು ಅಲುಗಿಸಿ, ಜ್ವಾಲೆ ಎಷ್ಟು ಮತ್ತು ಎಷ್ಟು ತಡವಾಗಿ ಸ್ಪಂದಿಸುತ್ತದೆಂದು ಪ್ರಯೋಗದಿಂದ ಅಥವಾ ಕಂಪ್ಯೂಟರ್ ಅನುಕರಣೆಯಿಂದ ಅಳೆದು, ಅದನ್ನು ಶಬ್ದದ ಸಮೀಕರಣಗಳಿಗೆ ಜೋಡಿಸುತ್ತಾರೆ. ಆದರೆ ಒಂಟಿ ಬರ್ನರಿನ ಪ್ರಯೋಗದಲ್ಲಿ, ಹಲವು ಬರ್ನರುಗಳ ಉಂಗುರಾಕಾರದ ಕೋಶವನ್ನು ಸುತ್ತುವ ಅಲೆಗಳು ಹುಟ್ಟುವುದೇ ಇಲ್ಲ. ಲ್ಯಾಬಿನಲ್ಲಿ ಸುಮ್ಮನಿದ್ದ ಬರ್ನರ್ ಯಂತ್ರದಲ್ಲಿ ಮೊಳಗಬಹುದಾದ ಒಂದು ಕಾರಣ ಇದು.

ವಿನ್ಯಾಸದ ಲೆಕ್ಕಕ್ಕೆ ಪೂರಕವಾಗಿ, ನಡೆಯುತ್ತಿರುವ ಯಂತ್ರವನ್ನೇ ಆಲಿಸುವ ಮಾರ್ಗವೂ ಇದೆ. ಸ್ಥಿರವಾದ ಉರಿಯ ಗೊಂದಲಮಯ ಸದ್ದಿನಿಂದ ಪೂರ್ಣ ಕಂಪನಕ್ಕೆ ಹೋಗುವ ಮುನ್ನ ಲಯಬದ್ಧ ಮೊಳಗು ಆಗಾಗ ಮಿಂಚಿ ಮರೆಯಾಗುತ್ತದೆ ಎಂಬುದನ್ನೂ, ಒತ್ತಡದ ಏರಿಳಿತದ ಫ್ರ್ಯಾಕ್ಟಲ್ (ಹಿಗ್ಗಿಸಿ ನೋಡಿದರೂ ಅದೇ ಬಗೆಯ ಅಂಕುಡೊಂಕು ಕಾಣುವ) ಗುಣದಲ್ಲಿನ ಕುಸಿತದಿಂದ ಮುನ್ಸೂಚನೆ ಪಡೆಯಬಹುದೆಂಬುದನ್ನೂ ಮದ್ರಾಸ್ ಐಐಟಿಯ ಆರ್.ಐ. ಸುಜಿತ್ ಮತ್ತು ವಿನೀತ್ ನಾಯರ್ 2014ರಲ್ಲಿ ಪ್ರಕಟಿಸಿದ ಕೆಲಸ ತೋರಿಸಿತು. ಇದರಲ್ಲಿ ಜ್ವಾಲೆಯ ವಿಳಂಬವನ್ನು ತಿಳಿದಿರಬೇಕಾಗಿಲ್ಲ ಎಂಬುದೇ ನನಗೆ ದೊಡ್ಡ ಅನುಕೂಲವೆನಿಸುತ್ತದೆ. ಸೂಚನೆ ಸಿಕ್ಕೊಡನೆ ನಿರ್ವಾಹಕರು ಲೋಡ್ ಬದಲಿಸಬಹುದು ಅಥವಾ ಪೈಲಟ್ ಜ್ವಾಲೆಗೆ (ಮುಖ್ಯ ಜ್ವಾಲೆಯನ್ನು ಸ್ಥಿರವಾಗಿ ಹಿಡಿದಿಡುವ ಸಣ್ಣ ಉರಿಗೆ) ಇಂಧನ ಹೆಚ್ಚಿಸಬಹುದು. ಆದರೆ ಪೈಲಟ್ ಹೆಚ್ಚಿದಷ್ಟೂ ತಗ್ಗಿಸಲು ಹೊರಟಿದ್ದ ನೈಟ್ರೋಜನ್ ಆಕ್ಸೈಡು ಮತ್ತೆ ಏರುತ್ತದೆ.