ಖಿನ್ನತೆಯ ಮಾತ್ರೆ ಜೊತೆಗೆ ನೋವಿನ ಮಾತ್ರೆ: ಅಮ್ಮನಿಗೆ ಆಗಿದ್ದೇನು?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಖಿನ್ನತೆಗೆ ಎಸಿಟಲೋಪ್ರಾಮ್ ತೆಗೆದುಕೊಳ್ಳುತ್ತಿದ್ದರು, ಚೆನ್ನಾಗಿಯೇ ಇದ್ದರು. ಹೋದ ತಿಂಗಳು ಮಂಡಿ ನೋವು ತಡೆಯಲಾರದೆ, ಚಿಕ್ಕಪ್ಪನಿಗೆ ಬರೆದುಕೊಟ್ಟು ಉಳಿದಿದ್ದ ಟ್ರಮಡಾಲ್ ಮಾತ್ರೆ ನುಂಗಿದರು. ಸಂಜೆಗೆ ಮೈಯೆಲ್ಲ ಬೆವರು, ನಡುಕ, ಭೇದಿ, ಕೂತಲ್ಲಿ ಕೂರಲಾಗದ ಚಡಪಡಿಕೆ. ಆಸ್ಪತ್ರೆಯಲ್ಲಿ ‘ಸೆರೊಟೋನಿನ್ ಸಿಂಡ್ರೋಮ್’ ಎಂದರು. ಎರಡು ದಿನದಲ್ಲಿ ಸರಿಹೋಯಿತು. ಈಗ ಹಳೆಯ ಮಾತ್ರೆ ಮತ್ತೆ ಶುರು ಮಾಡಿ ಎಂದು ಮನೋವೈದ್ಯರು ಹೇಳಿದರೂ ಅಮ್ಮ ಒಪ್ಪುತ್ತಿಲ್ಲ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ನಿಮ್ಮ ತಾಯಿಯವರ ಭಯ ಸಹಜ. ಆದರೆ ಅಂದು ತೊಂದರೆ ಕೊಟ್ಟಿದ್ದು ಎಸಿಟಲೋಪ್ರಾಮ್ ಒಂದೇ ಅಲ್ಲ, ಅದರ ಜೊತೆ ಸೇರಿದ ಟ್ರಮಡಾಲ್. ಇದನ್ನು ಅವರಿಗೆ ನಿಧಾನವಾಗಿ ಬಿಡಿಸಿ ಹೇಳಿ.

ಸೆರೊಟೋನಿನ್ ಎಂಬ ರಾಸಾಯನಿಕ ನಮ್ಮ ಮೆದುಳಿನಲ್ಲೂ ಇದೆ, ಕರುಳಿನಲ್ಲಿ ಇನ್ನೂ ಜಾಸ್ತಿ ಇದೆ. ನರಗಳು ಬಿಟ್ಟ ಸೆರೊಟೋನಿನ್ ವಾಪಸ್ ಒಳಗೆ ಹೋಗದಂತೆ ಎಸಿಟಲೋಪ್ರಾಮ್ ತಡೆಯುತ್ತದೆ. ಟ್ರಮಡಾಲ್ ನೋವಿನ ಮಾತ್ರೆಯಾದರೂ ಇದೇ ಕೆಲಸವನ್ನೂ ಮಾಡುತ್ತದೆ. ಎರಡೂ ಸೇರಿದಾಗ ಸೆರೊಟೋನಿನ್ ಮಿತಿಮೀರಿತು. ಭೇದಿ, ಬೆವರು, ನಡುಕ, ಚಡಪಡಿಕೆ ಎಲ್ಲಕ್ಕೂ ಮೂಲ ಅದೇ. ಹೊಸ ಮಾತ್ರೆ ಸೇರಿದ ಅಥವಾ ಡೋಸ್ ಏರಿಸಿದ ಕೆಲವೇ ಗಂಟೆಗಳಲ್ಲಿ, ಸಾಮಾನ್ಯವಾಗಿ 24 ಗಂಟೆಯೊಳಗೆ, ಇದು ಕಾಣಿಸಿಕೊಳ್ಳುತ್ತದೆ.

ರಕ್ತಪರೀಕ್ಷೆಯಿಂದ ಇದನ್ನು ಖಚಿತಪಡಿಸಲು ಆಗುವುದಿಲ್ಲ. ಯಾವ ಮಾತ್ರೆ, ಯಾವಾಗ ತೆಗೆದುಕೊಂಡರು ಎಂಬ ವಿವರ ಮತ್ತು ಮೈ ಪರೀಕ್ಷೆಯೇ ಆಧಾರ. ಪಾದವನ್ನು ಥಟ್ಟನೆ ಮೇಲಕ್ಕೆ ಒತ್ತಿ ಹಿಡಿದರೆ ಅದು ತಾನಾಗಿ ಪಟಪಟ ಬಡಿದುಕೊಳ್ಳುತ್ತದೆ. ಇದಕ್ಕೆ ಕ್ಲೋನಸ್ ಎನ್ನುತ್ತೇವೆ, ನಾವು ಮುಖ್ಯವಾಗಿ ಹುಡುಕುವ ಗುರುತು ಇದು. ಅದಕ್ಕೇ ಹೇಳುವುದು, ಆಸ್ಪತ್ರೆಗೆ ಓಡುವಾಗ ಮನೆಯಲ್ಲಿರುವ ಎಲ್ಲಾ ಮಾತ್ರೆ ಸ್ಟ್ರಿಪ್‌ಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ.

ಚಿಕಿತ್ಸೆಯಲ್ಲಿ ಮೊದಲನೆಯದು ಕಾರಣವಾದ ಮಾತ್ರೆಗಳನ್ನು ನಿಲ್ಲಿಸುವುದು. ಚಡಪಡಿಕೆ, ಸ್ನಾಯುಗಳ ಬಿಗಿತ ಇಳಿಯಲು ಲೊರಾಜೆಪಾಮ್ ಅಥವಾ ಡಯಾಜೆಪಾಮ್, ಜೊತೆಗೆ ಡ್ರಿಪ್. ಇದರಿಂದ ಸಾಲದಿದ್ದರೆ ಸೈಪ್ರೊಹೆಪ್ಟಡಿನ್ ಕೊಡುತ್ತೇವೆ. ಹಸಿವಾಗಲಿ ಎಂದು ಮಕ್ಕಳಿಗೆ ಕೊಡುವ ಸಿರಪ್‌ನಲ್ಲಿರುವ ಔಷಧಿಯೇ ಇದು. ಸೆರೊಟೋನಿನ್‌ನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಹಾಗಂತ ಮನೆಯಲ್ಲೇ ಕುಡಿಸಲು ಹೋಗಬೇಡಿ. ಮೈ ಸುಡುತ್ತಿದೆ ಎಂದು ಪ್ಯಾರಸಿಟಮಾಲ್ ಕೊಟ್ಟರೂ ಪ್ರಯೋಜನವಿಲ್ಲ. ಇಲ್ಲಿ ಬಿಸಿ ಏರುವುದು ಸ್ನಾಯುಗಳು ಬಿಡುವಿಲ್ಲದೆ ಬಿಗಿದು ನಡುಗುವುದರಿಂದ. 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಕ್ಕೇ ಅಪಾಯ. ಅಂಥವರನ್ನು ಐಸಿಯುನಲ್ಲಿ ಪ್ರಜ್ಞೆ ತಪ್ಪಿಸಿ, ಸ್ನಾಯುಗಳನ್ನು ಸಡಿಲಗೊಳಿಸಿ, ವೆಂಟಿಲೇಟರ್‌ನಲ್ಲಿ ಇಡಬೇಕಾಗುತ್ತದೆ. ಹೆಚ್ಚಿನವರು ಆ ಹಂತಕ್ಕೆ ಹೋಗುವುದಿಲ್ಲ, ಒಂದೆರಡು ದಿನದಲ್ಲಿ ಸುಧಾರಿಸುತ್ತಾರೆ.

ಇನ್ನು ನಿಮ್ಮ ಪ್ರಶ್ನೆ. ಮನೋವೈದ್ಯರಿಗೆ ಎಲ್ಲ ವಿಷಯ ಗೊತ್ತಿದ್ದೇ ಮಾತ್ರೆ ಮತ್ತೆ ಶುರು ಮಾಡಲು ಹೇಳಿದ್ದರೆ, ಅವರು ಹೇಳಿದ ಡೋಸ್‌ನಲ್ಲೇ ಶುರು ಮಾಡಿ. ಚಿಕಿತ್ಸೆ ಬಿಟ್ಟರೆ ಖಿನ್ನತೆ ಮರುಕಳಿಸಬಹುದು. ಅದರ ನೋವು ಈ ಎರಡು ದಿನದ ತೊಂದರೆಗಿಂತ ಚಿಕ್ಕದಲ್ಲ. ಅಮ್ಮನನ್ನೂ ಕರೆದುಕೊಂಡು ಹೋಗಿ, ಅವರ ಭಯವನ್ನು ಅವರೇ ವೈದ್ಯರಿಗೆ ಹೇಳಲಿ. ಬೇರೆ ಮಾತ್ರೆ ಬೇಕೇ ಎಂಬುದೂ ಅಲ್ಲೇ ತೀರ್ಮಾನವಾಗಲಿ. ಮಂಡಿ ನೋವನ್ನೂ ಅದೇ ದಿನ ಹೇಳಿ. ಅದಕ್ಕೆ ಚಿಕಿತ್ಸೆ ಸಿಗದಿದ್ದರೆ ಅವರ ಕೈ ಮತ್ತೆ ಹಳೇ ಮಾತ್ರೆ ಡಬ್ಬಿಗೇ ಹೋಗುತ್ತದೆ, ಅಲ್ವಾ?

ಟ್ರಮಡಾಲ್ ಒಂದೇ ಅಲ್ಲ, ಒಣಕೆಮ್ಮಿನ ಹಲವು ಸಿರಪ್‌ಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫಾನ್ ಕೂಡ ಹೀಗೆ ಮಾಡಬಲ್ಲದು. ಔಷಧಕ್ಕೆ ಜಗ್ಗದ ಟಿಬಿಗೆ ಕೊಡುವ ಲಿನೆಜೋಲಿಡ್ ಬಗ್ಗೆಯೂ ಎಚ್ಚರ ಬೇಕು. ಹಾಗಾಗಿ ಹಲ್ಲಿನ ಡಾಕ್ಟರ್ ಬಳಿ ಹೋದರೂ, ಮೆಡಿಕಲ್ ಶಾಪ್‌ನಲ್ಲಿ ಕೆಮ್ಮಿಗೆ ಕೇಳಿದರೂ, ‘ಎಸಿಟಲೋಪ್ರಾಮ್ ತೆಗೆದುಕೊಳ್ಳುತ್ತಿದ್ದೇನೆ’ ಎಂದು ಅವರು ಮೊದಲೇ ಹೇಳಲಿ. ಹೊಸ ಔಷಧಿ ಸೇರಿಸಿದ ದಿನ ಮತ್ತೆ ನಡುಕ, ಬೆವರು, ಗೊಂದಲ ಕಂಡರೆ ಮುಂದಿನ ಡೋಸ್ ಕೊಡಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.