ವಿಮಾನ ಬಂತು, ಓತಾನಿ ಬರಲಿಲ್ಲ

ಓದುಗರ ಪತ್ರ: "ಊರು ದಾವಣಗೆರೆ. ಹದಿನಾಲ್ಕು ವರ್ಷಗಳಿಂದ ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿದ್ದೇನೆ. ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿರದ ನನ್ನನ್ನು ಮಗಳು ಬ್ಲೂ ಜೇಸ್ ಬೇಸ್‌ಬಾಲ್ ತಂಡದ ಅಭಿಮಾನಿಯನ್ನಾಗಿ ಮಾಡಿದಳು. 2023ರ ಡಿಸೆಂಬರ್ 8ರಂದು ಜಪಾನಿನ ತಾರಾ ಆಟಗಾರ ಶೋಹೇ ಓತಾನಿ ನಮ್ಮ ತಂಡ ಸೇರಲು ಬರುತ್ತಿದ್ದಾರೆ ಎಂದು ನಂಬಿ ಮನೆಯವರೆಲ್ಲ ಕುಣಿದಾಡಿದೆವು. ಮಗಳು ನೀಲಿ ಅಂಗಿಯ ಬೆನ್ನಿಗೆ ಬಿಳಿ ಟೇಪಿನಲ್ಲಿ ಓತಾನಿಯ ಸಂಖ್ಯೆ 17 ಎಂದು ಅಂಟಿಸಿಕೊಂಡಳು. ಮರುದಿನ ಎಲ್ಲ ಸುಳ್ಳಾಯಿತು. ಅಂದಿನಿಂದ ಆಟಗಾರರ ಸೇರ್ಪಡೆಯ ಸುದ್ದಿಗಳನ್ನು ನಂಬಲೇಬಾರದು ಎಂದು ತೀರ್ಮಾನಿಸಿದ್ದೇನೆ. ಆದರೂ ನವೆಂಬರ್ ಬಂದರೆ ಕೈ ಮೊಬೈಲಿನತ್ತ ಹೋಗುತ್ತದೆ. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು? ತಪ್ಪು ಬರೆದ ವರದಿಗಾರರನ್ನು ಮತ್ತೆ ಓದಬಹುದೇ? ಮಗಳಿಗೆ ಏನು ಹೇಳಲಿ?"

ಸಂಪಾದಕರ ಉತ್ತರ:

ಪ್ರಿಯರೇ,

ನಿಮ್ಮ ಪತ್ರ ಓದಿ ಆ ದಿನ ಮತ್ತೆ ಕಣ್ಮುಂದೆ ಬಂತು. ನಿಮಗಲ್ಲಿ ಶುಕ್ರವಾರದ ಮಧ್ಯಾಹ್ನ, ನಮಗಿಲ್ಲಿ ನಡುರಾತ್ರಿ. ನಾನೂ ಎದ್ದು ಕೂತಿದ್ದೆ. ಮೊಬೈಲ್ ಪರದೆಯ ಭೂಪಟದ ಮೇಲೆ ಒಂದು ಪುಟ್ಟ ವಿಮಾನದ ಗುರುತು ಕ್ಯಾಲಿಫೋರ್ನಿಯಾದ ಸಾಂಟಾ ಆನಾದಿಂದ ಹೊರಟು ಟೊರಾಂಟೊದತ್ತ ತೆವಳುತ್ತಿತ್ತು. ಖಾಸಗಿ ವಿಮಾನ. ಸಾಂಟಾ ಆನಾ ಎಂದರೆ ಓತಾನಿ ಆವರೆಗೆ ಆಡಿದ ಏಂಜಲ್ಸ್ ತಂಡದ ಮೈದಾನದ ಪಕ್ಕದ ಊರು. ಬೇಸ್‌ಬಾಲ್ ಲೀಗಿನದೇ ಟಿವಿ ವಾಹಿನಿಯಾದ ಎಂಎಲ್‌ಬಿ ನೆಟ್‌ವರ್ಕ್‌ನ ವರದಿಗಾರ ಜಾನ್ ಮೊರೋಸಿ, ಓತಾನಿ ಟೊರಾಂಟೊಗೆ ಹೊರಟಿದ್ದಾರೆ ಎಂದು ಬರೆದರು. ಬ್ಲೂ ಜೇಸ್‌ನ ಬೌಲರ್ ಯೂಸೇ ಕಿಕುಚಿ ಮೈದಾನದ ಹತ್ತಿರ ಸುಶಿ ಹೋಟೆಲೊಂದನ್ನು ಇಡಿಯಾಗಿ ಕಾದಿರಿಸಿದ್ದಾರೆ ಎಂಬ ಮಾತೂ ಹಬ್ಬಿತು. ಕಿಕುಚಿ ಮತ್ತು ಓತಾನಿ ಜಪಾನಿನಲ್ಲಿ ಒಂದೇ ಪ್ರೌಢಶಾಲೆಯಲ್ಲಿ ಕಲಿತವರು. ಇನ್ನೇನು ಬೇಕು? ವಿಮಾನ ಇಳಿಯಿತು. ಬಾಗಿಲು ತೆರೆಯಿತು. ಮಕ್ಕಳೊಂದಿಗೆ ಇಳಿದವರು ಕೆನಡಾದ ಉದ್ಯಮಿ ರಾಬರ್ಟ್ ಹೆರ್ಜಾವೆಕ್. ಓತಾನಿ ದಕ್ಷಿಣ ಕ್ಯಾಲಿಫೋರ್ನಿಯಾದ ತಮ್ಮ ಮನೆಯಲ್ಲೇ ಇದ್ದಾರೆ ಎಂದು ಯುಎಸ್‌ಎ ಟುಡೇಯ ಬಾಬ್ ನೈಟಿಂಗೇಲ್ ಬರೆದರು. ಶನಿವಾರ ಓತಾನಿಯೇ ಇನ್‌ಸ್ಟಾಗ್ರಾಮ್‌ನಲ್ಲಿ ಪ್ರಕಟಿಸಿದರು: ಲಾಸ್ ಏಂಜಲೀಸ್ ಡಾಡ್ಜರ್ಸ್. ಹತ್ತು ವರ್ಷ, 70 ಕೋಟಿ ಡಾಲರ್.

ಈಗ ಇದನ್ನು ಬಿಡಿಸಿ ನೋಡೋಣ. ವಿಮಾನ ಹೊರಟದ್ದು ನಿಜ, ಟೊರಾಂಟೊಗೆ ಬಂದದ್ದು ನಿಜ. ಕಿಕುಚಿ ಅದೇ ಶಾಲೆಯವರು ಎಂಬುದೂ ನಿಜ. ಒಳಗೆ ಯಾರು ಕೂತಿದ್ದಾರೆ ಎಂಬುದನ್ನು ಮಾತ್ರ ನಮಗೆ ಹೇಳಿದವರಲ್ಲಿ ಯಾರೂ ನೋಡಿರಲಿಲ್ಲ. ಪ್ರತಿ ಸುದ್ದಿಯಲ್ಲೂ ಕಂಡದ್ದಕ್ಕೆ ಊಹಿಸಿದ್ದನ್ನು ಕೂಡಿಸಿದ ಒಂದು ಬೆಸುಗೆ ಇರುತ್ತದೆ. ನಾನು ಸುದ್ದಿಯನ್ನು ಓದುವುದೇ ಆ ಬೆಸುಗೆಯನ್ನು ಹುಡುಕಿಕೊಂಡು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಆ ರಾತ್ರಿ ನಾವು ಪ್ರತ್ಯಕ್ಷ ಕಂಡದ್ದು ವಿಮಾನವನ್ನು. ಅದನ್ನು ಕಂಡ ಖುಷಿಯಲ್ಲಿ ಓತಾನಿಯನ್ನೂ ಕಂಡೆವು ಎಂದುಕೊಂಡೆವು.

ಈ ಪಾಠ ನನಗೆ ಪುಸ್ತಕದಿಂದ ಬಂದದ್ದಲ್ಲ. ಜಿಲ್ಲಾ ವರದಿಗಾರನಾಗಿದ್ದ ಕಾಲದಲ್ಲಿ, ಪಕ್ಷ ಬಿಡುತ್ತಾರೆ ಎಂಬ ಗುಸುಗುಸು ಇದ್ದ ಶಾಸಕರೊಬ್ಬರ ಕಾರು ಎದುರು ಪಕ್ಷದ ನಾಯಕರ ಮನೆ ಮುಂದೆ ರಾತ್ರಿ ಹತ್ತಕ್ಕೆ ನಿಂತಿರುವುದನ್ನು ಕಂಡೆ. ನಂಬರ್ ಬರೆದುಕೊಂಡೆ, ಸುದ್ದಿ ಕಳಿಸಿದೆ, ಅಚ್ಚಾಯಿತು. ಕಾರಿನಲ್ಲಿ ಬಂದಿದ್ದವರು ಶಾಸಕರ ಅಕ್ಕ, ಮಗನ ಮದುವೆಯ ಲಗ್ನಪತ್ರಿಕೆ ಕೊಡಲು. ಮರುದಿನ ಆ ಹೆಣ್ಣುಮಗಳು ಫೋನ್ ಮಾಡಿ, "ಬಾಗಿಲು ತಟ್ಟಿ ಕೇಳಿದ್ದರೆ ನಿಮಗೂ ಒಂದು ಪತ್ರಿಕೆ ಕೊಡುತ್ತಿದ್ದೆನಲ್ಲ" ಎಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಹಾಗಾದರೆ ಎಲ್ಲವೂ ಸುಳ್ಳೇ? ಬೆಂಕಿಯಿಲ್ಲದೆ ಹೊಗೆಯಾಡಿತೇ? ಇಲ್ಲ, ಬೆಂಕಿ ಇತ್ತು. ಆ ವಾರ ನ್ಯಾಶ್‌ವಿಲ್‌ನಲ್ಲಿ ತಂಡಗಳ ವಾರ್ಷಿಕ ಚಳಿಗಾಲದ ಸಭೆ ನಡೆಯುತ್ತಿತ್ತು. ಬ್ಲೂ ಜೇಸ್‌ನ ಜನರಲ್ ಮ್ಯಾನೇಜರ್ ರಾಸ್ ಆಟ್ಕಿನ್ಸ್ ಅಲ್ಲಿಗೆ ಬರುವ ಬದಲು, ಎಲ್ಲಿದ್ದೇನೆಂದು ಹೇಳದೆ, ವಿಡಿಯೊ ಕರೆಯಲ್ಲಿ ಪತ್ರಕರ್ತರೊಂದಿಗೆ ಮಾತನಾಡಿದರು. ಫ್ಲಾರಿಡಾದ ಡನೀಡಿನ್‌ನಲ್ಲಿರುವ ತಂಡದ ತರಬೇತಿ ಕೇಂದ್ರಕ್ಕೆ ಓತಾನಿ ಭೇಟಿ ಕೊಟ್ಟಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಟೊರಾಂಟೊ ಕೊನೆಯ ಸುತ್ತಿನವರೆಗೂ ಇತ್ತು. ನೀವು ನಂಬಿದ್ದು ಬುಡವಿಲ್ಲದ ಮಾತನ್ನಲ್ಲ. ಆದರೆ "ಟೊರಾಂಟೊ ಪೈಪೋಟಿಯಲ್ಲಿದೆ" ಎಂಬ ಸತ್ಯದಿಂದ "ಟೊರಾಂಟೊ ಗೆದ್ದಿದೆ" ಎಂಬ ಮಾತಿಗೆ ಒಂದೇ ನೆಗೆತದಲ್ಲಿ ಹಾರಿದ್ದೆವು.

ಅದೇ ವಾರದ ಅತ್ಯಂತ ಗಟ್ಟಿ ಸುದ್ದಿಯನ್ನು ನಾವೆಲ್ಲ ಪಕ್ಕಕ್ಕಿಟ್ಟೆವು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಓತಾನಿಯ ಏಜೆಂಟ್ ಕಡೆಯವರು ಗುಟ್ಟನ್ನು ಬಲವಾಗಿ ಕಾಯುತ್ತಿದ್ದರು. ಮಾತುಕತೆ ಹೊರಬಿದ್ದರೆ ಆ ತಂಡಕ್ಕೇ ಅದು ಮುಳುವಾಗಬಹುದು ಎಂಬ ವರದಿಯೂ ಇತ್ತು. ಹೀಗಿದ್ದಾಗ ಡಾಡ್ಜರ್ಸ್‌ನ ಮ್ಯಾನೇಜರ್ ಡೇವ್ ರಾಬರ್ಟ್ಸ್ ನ್ಯಾಶ್‌ವಿಲ್‌ನಲ್ಲಿ ಎಲ್ಲರೆದುರು, ಹೌದು, ಓತಾನಿಯನ್ನು ಭೇಟಿಯಾದೆವು ಎಂದುಬಿಟ್ಟರು. ಸ್ವತಃ ಅಲ್ಲಿದ್ದ ಮನುಷ್ಯ, ತನ್ನ ಹೆಸರಿನಲ್ಲಿ, ತನಗೇ ನಷ್ಟವಾಗಬಹುದಾದ ಸತ್ಯವನ್ನು ಹೇಳಿದ ಮಾತು ಅದು. ಇದಕ್ಕಿಂತ ತೂಕದ ಸಾಕ್ಷಿ ಚಳಿಗಾಲದಲ್ಲಿ ಸಿಗುವುದು ಅಪರೂಪ. ನಾವು ಏನು ಮಾಡಿದೆವು? ಬಾಯಿಬಿಟ್ಟು ಕೆಟ್ಟರು, ಇನ್ನು ಟೊರಾಂಟೊಗೇ ಅನುಕೂಲ ಎಂದು ಲೆಕ್ಕ ಹಾಕಿದೆವು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತೆ ಬಂದ ಸುದ್ದಿಯನ್ನು ಎರಡು ಪಟ್ಟು ಹೆಚ್ಚು ತಟ್ಟಿ ನೋಡಬೇಕಿತ್ತು.

ಇಂಥ ಮಾತುಗಳು ಹುಟ್ಟುವ ಜಾಗವನ್ನು ತಿಳಿಯುವುದು ಮುಖ್ಯ. ನಮ್ಮ ಐಪಿಎಲ್ ಹರಾಜಿನಲ್ಲಿ ಟಿವಿ ಮುಂದೆಯೇ ಕೂಗು ನಡೆಯುತ್ತದೆ. ಯಾವ ತಂಡ ಎಷ್ಟಕ್ಕೆ ಫಲಕ ಎತ್ತಿತು ಎಂಬುದನ್ನು ಹರಿಹರದಲ್ಲಿ ಕೂತ ಹುಡುಗನೂ ನೋಡುತ್ತಾನೆ. ಬೇಸ್‌ಬಾಲ್‌ನಲ್ಲಿ ಹರಾಜಿನ ಸಭಾಂಗಣವೇ ಇಲ್ಲ. 1975ರ ಡಿಸೆಂಬರ್‌ನಲ್ಲಿ ಪೀಟರ್ ಸೈಟ್ಜ್ ಎಂಬ ಮಧ್ಯಸ್ಥಗಾರರು ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಎಂಬ ಆಟಗಾರರ ಪರ ತೀರ್ಪು ಕೊಟ್ಟ ಮೇಲೆ ತೆರೆದ ದಾರಿ ಇದು. ದೊಡ್ಡ ಲೀಗಿನಲ್ಲಿ ಆರು ವರ್ಷಗಳ ಸೇವೆ ಮುಗಿಸಿ, ಒಪ್ಪಂದವೂ ಮುಗಿದ ಆಟಗಾರ ಫ್ರೀ ಏಜೆಂಟ್ ಆಗುತ್ತಾನೆ. ಮೂವತ್ತು ತಂಡಗಳಲ್ಲಿ ಯಾರೊಂದಿಗೆ ಬೇಕಾದರೂ ಮಾತನಾಡಬಹುದು. ಎಲ್ಲವೂ ಮುಚ್ಚಿದ ಬಾಗಿಲ ಹಿಂದೆ. ಒಂದು ತಂಡಕ್ಕೆ ಇನ್ನೊಂದು ತಂಡ ಎಷ್ಟು ಕೂಗಿದೆ ಎಂಬುದು ಗೊತ್ತಿಲ್ಲ. ಆಗ ಹರಾಜುಗಾರನ ಕೂಗಿನ ಕೆಲಸವನ್ನು ಪತ್ರಿಕೆಯ ಸುದ್ದಿಯೇ ಮಾಡುತ್ತದೆ. "ಇನ್ನೊಂದು ತಂಡವೂ ಆಸಕ್ತಿ ತೋರಿದೆ" ಎಂಬ ಒಂದು ಸಾಲು ಅಚ್ಚಾದರೆ ಏಜೆಂಟ್‌ಗೆ ಲಾಭ. "ನಾವು ಆರು ವರ್ಷಕ್ಕಿಂತ ಹೆಚ್ಚು ಕೊಡುವುದಿಲ್ಲ" ಎಂಬ ಸಾಲು ಹೊರಬಿದ್ದರೆ ತಂಡಕ್ಕೆ ಲಾಭ. ಹೆಸರಿಲ್ಲದ ಮೂಲದ ಮಾತು ಓದಿದಾಗಲೆಲ್ಲ ನಾನು ಮೊದಲು ಕೇಳುವುದು, ಇದು ಅಚ್ಚಾದರೆ ಯಾರ ಕೈ ಮೇಲಾಗುತ್ತದೆ ಎಂದು.

ಲಾಭಕ್ಕಾಗಿ ಹೇಳಿದ್ದೆಲ್ಲ ಸುಳ್ಳಾಗಬೇಕಿಲ್ಲ. ಹೆಸರು ಹೇಳದ "ನಿಗೂಢ ತಂಡ"ವೊಂದೂ ಪೈಪೋಟಿಯಲ್ಲಿದೆ ಎಂಬ ಮಾತನ್ನು ಅಭಿಮಾನಿಗಳು ಏಜೆಂಟರ ಕಟ್ಟುಕಥೆ ಎಂದು ತಳ್ಳಿಹಾಕುತ್ತಾರೆ. 2010ರ ಡಿಸೆಂಬರ್‌ನಲ್ಲಿ ಬೌಲರ್ ಕ್ಲಿಫ್ ಲೀ ಯಾಂಕೀಸ್‌ಗೋ ರೇಂಜರ್ಸ್‌ಗೋ ಎಂದು ಎಲ್ಲರೂ ಬರೆಯುತ್ತಿದ್ದಾಗ ಅವರು ಐದು ವರ್ಷ, 12 ಕೋಟಿ ಡಾಲರಿಗೆ ಫಿಲಡೆಲ್ಫಿಯಾಗೆ ಹೋದರು. ನಿಗೂಢ ತಂಡ ನಿಜವಾಗಿಯೂ ಇತ್ತು. ಇನ್ನೊಂದು ಕಡೆ, 2019ರ ಜನವರಿಯಲ್ಲಿ ಮ್ಯಾನಿ ಮಚಾಡೊಗೆ ಶಿಕಾಗೊ ವೈಟ್ ಸಾಕ್ಸ್ ಏಳು ವರ್ಷಕ್ಕೆ 17.5 ಕೋಟಿ ಡಾಲರ್ ಕೊಡಲು ಮುಂದಾಗಿದೆ ಎಂಬ ವರದಿ ಬಂದಾಗ ಅವರ ಏಜೆಂಟ್ ಡ್ಯಾನ್ ಲೊಜಾನೊ ಬಹಿರಂಗ ಹೇಳಿಕೆ ಹೊರಡಿಸಿ ಅದು ಸರಿಯಲ್ಲ ಎಂದರು. ಮರುತಿಂಗಳು ಮಚಾಡೊ ಸ್ಯಾನ್ ಡಿಯಾಗೊ ಜೊತೆ ಹತ್ತು ವರ್ಷ, 30 ಕೋಟಿಗೆ ಸಹಿ ಮಾಡಿದರು. ಕಡಿಮೆ ಅಂಕಿಯ ಸುದ್ದಿ ಓಡಾಡಿದರೆ ಕಳೆದುಕೊಳ್ಳುವವರು ಯಾರೆಂದು ಯೋಚಿಸಿದರೆ ಆ ಸಿಟ್ಟು ಅರ್ಥವಾಗುತ್ತದೆ.

ಯಾರಿಗೆ ಲಾಭ ಎಂಬುದರ ನಂತರ ನೋಡಬೇಕಾದ ಎರಡನೆಯದು ಸುದ್ದಿಯ ಕ್ರಿಯಾಪದ. ಈ ವಿಷಯದಲ್ಲಿ ಕನ್ನಡಿಗರಿಗೆ ಒಂದು ದೊಡ್ಡ ಅನುಕೂಲವಿದೆ. "ಬಂದರು" ಎನ್ನುವುದಕ್ಕೂ "ಬಂದರಂತೆ" ಎನ್ನುವುದಕ್ಕೂ ಇರುವ ದೂರ ನಮ್ಮ ಮಕ್ಕಳಿಗೂ ಗೊತ್ತು. ಕಣ್ಣಾರೆ ಕಾಣದ್ದಕ್ಕೆ "ಅಂತೆ" ಸೇರಿಸದಿದ್ದರೆ ನನ್ನ ಅಜ್ಜಿ ಅಲ್ಲೇ ತಡೆದು, "ನೀನು ಕಂಡೆಯಾ?" ಎಂದು ಕೇಳುತ್ತಿದ್ದರು. ಇಂಗ್ಲಿಷ್ ವರದಿಯನ್ನು ಓದುವಾಗ ಮನಸ್ಸಿನಲ್ಲೇ ಅದನ್ನು ಕನ್ನಡಕ್ಕೆ ತನ್ನಿ. ವಿಚಾರಿಸಿದೆಯಂತೆ, ಆಸಕ್ತಿ ಇದೆಯಂತೆ, ಮುಂಚೂಣಿಯಲ್ಲಿದೆಯಂತೆ, ಒಪ್ಪಿಕೊಂಡಿದ್ದಾರಂತೆ. ನಾಲ್ಕರ ತೂಕ ನಾಲ್ಕು ಬಗೆ. ವಿಚಾರಿಸುವುದಕ್ಕೆ ಫೋನ್ ಕರೆಯ ಖರ್ಚೂ ಇಲ್ಲ. ಒಳ್ಳೆಯ ಆಟಗಾರನ ಬಗ್ಗೆ ಹೆಚ್ಚುಕಡಿಮೆ ಎಲ್ಲ ತಂಡಗಳೂ ವಿಚಾರಿಸುತ್ತವೆ.

2022ರ ಡಿಸೆಂಬರ್ 6ರಂದು ನ್ಯೂಯಾರ್ಕ್ ಪೋಸ್ಟ್‌ನ ಜಾನ್ ಹೇಮನ್ ಟ್ವಿಟರ್‌ನಲ್ಲಿ ಬರೆದ ಒಂದೇ ಸಾಲನ್ನು ನೋಡಿ. ಆರನ್ ಜಡ್ಜ್ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಕಡೆಗೆ ಹೊರಟಂತೆ ಕಾಣುತ್ತದೆ, ಎಂದು. ಅವಸರದಲ್ಲಿ ಆಟಗಾರನ ಹೆಸರೇ "ಆರ್ಸನ್" ಎಂದಾಗಿತ್ತು. ಅಕ್ಷರ ತಿದ್ದಲು ಪುರುಸೊತ್ತಿಲ್ಲದ ಕೈಗೆ ಸಂಗತಿಯನ್ನು ತಿದ್ದಲು ಪುರುಸೊತ್ತು ಇರುತ್ತದೆಯೇ? ಕೆಲವೇ ನಿಮಿಷಗಳಲ್ಲಿ ಹೇಮನ್ ಅದನ್ನು ಹಿಂತೆಗೆದುಕೊಂಡು ಕ್ಷಮೆ ಕೇಳಿದರು. ಮರುದಿನ ಜಡ್ಜ್ ಒಂಬತ್ತು ವರ್ಷ, 36 ಕೋಟಿಗೆ ಯಾಂಕೀಸ್‌ನಲ್ಲೇ ಉಳಿದರು. ಇಲ್ಲೂ ಬೆಸುಗೆ ಅದೇ ತರಹದ್ದು. ಜಡ್ಜ್ ಉತ್ತರ ಕ್ಯಾಲಿಫೋರ್ನಿಯಾದ ಲಿಂಡನ್ ಎಂಬ ಊರಿನವರು, ಬಾಲ್ಯದಲ್ಲಿ ಜೈಂಟ್ಸ್ ಅಭಿಮಾನಿ. ಕಥೆ ಅಷ್ಟು ಚೆನ್ನಾಗಿ ಕೂಡಿಬಂದಿದ್ದರಿಂದ "ಕಾಣುತ್ತದೆ" ಎಂಬ ಪದವನ್ನು ಯಾರೂ ಓದಲೇ ಇಲ್ಲ.

ಒಪ್ಪಂದ ಆಯಿತು ಎಂದು ಎಲ್ಲ ದೊಡ್ಡ ವರದಿಗಾರರೂ ಒಟ್ಟಿಗೆ ಬರೆದ ಮೇಲೂ ಒಂದು ಹೊಸ್ತಿಲು ಉಳಿದಿರುತ್ತದೆ: ವೈದ್ಯಕೀಯ ಪರೀಕ್ಷೆ. ಅದೇ ಚಳಿಗಾಲದಲ್ಲಿ ಕಾರ್ಲೋಸ್ ಕೊರಿಯಾ ಜೈಂಟ್ಸ್ ಜೊತೆ 13 ವರ್ಷ, 35 ಕೋಟಿಗೆ ಒಪ್ಪಿದ್ದರು. ಅವರನ್ನು ಪರಿಚಯಿಸುವ ಪತ್ರಿಕಾಗೋಷ್ಠಿ ನಡೆಯಬೇಕಿದ್ದ ದಿನವೇ ರದ್ದಾಯಿತು. ಬೆನ್ನಲ್ಲೇ ಮೆಟ್ಸ್ ಜೊತೆ 12 ವರ್ಷ, 31.5 ಕೋಟಿ. ತಂಡದ ಮಾಲೀಕ ಸ್ಟೀವ್ ಕೋಹೆನ್ ತಮ್ಮ ಹೆಸರಿನಲ್ಲೇ ಪತ್ರಿಕೆಗೆ ಮಾತನಾಡಿದರು. ಕಾಲಿನ ಹಳೆಯ ಶಸ್ತ್ರಚಿಕಿತ್ಸೆ ಮತ್ತೆ ಅಡ್ಡ ಬಂತು. ಕೊನೆಗೆ ಜನವರಿಯಲ್ಲಿ ಕೊರಿಯಾ ಸಹಿ ಮಾಡಿದ್ದು ಮಿನ್ನೆಸೋಟದ ಟ್ವಿನ್ಸ್‌ಗೆ, ಆರು ವರ್ಷ, 20 ಕೋಟಿಗೆ. ಇಲ್ಲಿ ಯಾವ ವರದಿಗಾರರೂ ಸುಳ್ಳು ಬರೆಯಲಿಲ್ಲ. ಒಪ್ಪಿಗೆಯ ವರದಿ ನಿಶ್ಚಿತಾರ್ಥವಿದ್ದಂತೆ. ಮುಹೂರ್ತ ಮುಗಿಯುವವರೆಗೆ ಉಡುಗೊರೆಯ ರಸೀದಿಯನ್ನು ಎಸೆಯಬೇಡಿ.

ಅಂಕಿಗಳ ಬಗ್ಗೆ ಒಂದೇ ಮಾತು. ಓತಾನಿಯ 70 ಕೋಟಿಯಲ್ಲಿ 68 ಕೋಟಿ ಅವರ ಕೈಗೆ ಬರುವುದು 2034ರಿಂದ 2043ರವರೆಗೆ, ಬಡ್ಡಿಯಿಲ್ಲದೆ. ಮೊದಲು ಬರುವ ಅಂಕಿ ನಿಜವಾಗಿದ್ದರೂ ಪೂರ್ತಿಯಾಗಿರುವುದಿಲ್ಲ.

ತಪ್ಪು ಬರೆದವರನ್ನು ಮತ್ತೆ ಓದಬಹುದೇ ಎಂದು ಕೇಳಿದ್ದೀರಿ. ಓದಿ. ಮೊರೋಸಿ ಅದೇ ದಿನ ತಮ್ಮ ಹೆಸರಿನಲ್ಲೇ ಕ್ಷಮೆ ಕೇಳಿದರು, ಹೇಮನ್ ಕೂಡ. ಹೆಸರನ್ನು ಪಣಕ್ಕಿಟ್ಟು ಬರೆಯುವವರಿಗೆ ತಪ್ಪಿನ ಬೆಲೆ ಗೊತ್ತು. ನಾನು ಹೆದರುವುದು ತಪ್ಪಾದ ಸಾಲನ್ನು ಸದ್ದಿಲ್ಲದೆ ಅಳಿಸಿ ಮುಂದೆ ಹೋಗುವವರಿಗೆ. ಹೆಸರಾಂತ ಬೇಸ್‌ಬಾಲ್ ವರದಿಗಾರರಾದ ಕೆನ್ ರೋಸೆಂಥಾಲ್ ಅಥವಾ ಜೆಫ್ ಪ್ಯಾಸನ್ ಹೆಸರಿನಲ್ಲಿ ಸುದ್ದಿ ಬಂದರೆ, ಅದು ಅವರ ನಿಜವಾದ ಖಾತೆಯೇ ಎಂದು ಒಮ್ಮೆ ಒಳಹೊಕ್ಕು ನೋಡಿ. ಒಂದಕ್ಷರ ಬದಲಿಸಿದ ನಕಲಿ ಖಾತೆಗಳು ಬಹಳ ಇವೆ. ಹತ್ತು ಕಡೆ ಅದೇ ಸುದ್ದಿ ಬಂತು ಎಂದಾಗ, ಹತ್ತೂ ಒಬ್ಬರನ್ನೇ ಉಲ್ಲೇಖಿಸುತ್ತಿಲ್ಲವಷ್ಟೇ ಎಂದೂ ನೋಡಿ.

ಆದರೆ ಏನನ್ನೂ ನಂಬುವುದಿಲ್ಲ ಎಂಬ ನಿಮ್ಮ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಹಿಮ ಸುರಿಯುವ ತಿಂಗಳುಗಳಲ್ಲಿ ಒಲೆಯ ಸುತ್ತ ಕೂತು ಯಾರು ಎಲ್ಲಿಗೆ ಹೋಗುತ್ತಾರೆ ಎಂದು ಹರಟುವುದಕ್ಕೆ ಅಮೆರಿಕದಲ್ಲಿ "ಹಾಟ್ ಸ್ಟವ್" ಎಂಬ ಹೆಸರೇ ಇದೆ. ಅದು ಬೇಸ್‌ಬಾಲ್‌ನ ಅರ್ಧ ಆಯುಷ್ಯ. ಆ ಶುಕ್ರವಾರ ನಿಮ್ಮ ಮನೆಯಲ್ಲಿ ಆದ ಕುಣಿತ ಸುಳ್ಳಲ್ಲ. ಮುಂದಿನ ಸಲ ಅಂಥ ಸುದ್ದಿ ಬಂದಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದರಲ್ಲಿ ಕಂಡದ್ದು ಎಷ್ಟು, ಅಂದುಕೊಂಡದ್ದು ಎಷ್ಟು ಎಂದು ಇಬ್ಬರೂ ಗೆರೆ ಎಳೆಯಿರಿ. ನಿಮಗಿಂತ ಮೊದಲು ಅವಳೇ ಬೆಸುಗೆ ಹಿಡಿದಾಳು.

ಆ ಅಂಗಿ ಇನ್ನೂ ಇದ್ದರೆ ಟೇಪು ಕೀಳಬೇಡಿ. ಆ ದಿನ ಬ್ಲೂ ಜೇಸ್‌ನಲ್ಲಿ 17ನೇ ಸಂಖ್ಯೆಯ ಅಂಗಿ ತೊಡುತ್ತಿದ್ದವರು ಹೊಸೆ ಬೆರಿಯೋಸ್. 2021ರ ನವೆಂಬರ್‌ನಲ್ಲಿ ಏಳು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿ ನಿಮ್ಮ ಊರಲ್ಲೇ ಉಳಿದ ಬೌಲರ್ ಅವರು.

— ಸಂಪಾದಕ